ಕಾಕಾನ ಜೋಡಿ ಮಾತು

ಆ ಭಾನುವಾರ ಏನೇನು ಕೆಡಬಹುದಿತ್ತೋ ಅದನ್ನೆಲ್ಲ ನಾನು ಜಮಖಂಡಿಯಿಂದ ರಬಕವಿಗೆ ಹೋಗುವ ಬಸ್ಸಿನಲ್ಲೇ ಕೆಡಿಸಿ ಮುಗಿಸಿದ್ದೆ. ನನ್ನ ಕಾಕಾನ ಮೊದಲ ಇಂಗ್ಲಿಷ್ ಕ್ಲಾಸಿಗೆ ಒಬ್ಬರೂ ಬರದೆ ಹೋಗಬಹುದು. ಒಬ್ಬರೇ ಬರಬಹುದು, ಅದು ಇನ್ನೂ ಕಷ್ಟ! ಉಚಿತ ಎಂದು ಬರೆದದ್ದನ್ನಷ್ಟೇ ಓದಿ, ಕಣ್ಣಿನ ತಪಾಸಣೆಯೆಂದು ಮುದುಕರು ಸಾಲುಗಟ್ಟಿ ನಿಲ್ಲಬಹುದು. ‘ಬ್ರೇಕ್ ಇನ್’ ಅಂದರೆ ಏನೆಂದು ತೋರಿಸಲು ಕಾಕಾ ಎದುರುಮನೆಯ ಬೀಗಕ್ಕೆ ಕೈ ಹಾಕಬಹುದು. ಬೇರೆ ಊರಿನವರಿಗೆ ಕರೆಂಟು ಹೋದೀತೆಂಬ ಹೆದರಿಕೆ. ರಬಕವಿಗೆ ಹೊರಟವಳಿಗೆ ಕರೆಂಟು ಬಂದೀತೆಂಬ ಹೆದರಿಕೆ. ಬಂತೋ, ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಲೇ ಖಟಖಟ ಶುರು ಮಾಡುತ್ತವೆ. ಆಮೇಲೆ ಇಂಗ್ಲಿಷೇನು, ನಮ್ಮ ಕೆಮ್ಮು ನಮಗೇ ಕೇಳಿಸುವುದಿಲ್ಲ!

ಮನೆ ಬಿಡುವಾಗಲೇ ನನ್ನ ಯಜಮಾನರು ಹೇಳಿದ್ದರು: “ಬಸ್ಸಿನ್ಯಾಗ ಎರಡ ಟಿಕೇಟ್ ತಗಿ. ಒಂದ ನಿನಗ, ಒಂದ ನಿನ್ನ ಚಿಂತಿಗೆ.”

ನನ್ನ ಕಾಕಾನಷ್ಟು ಇಂಗ್ಲಿಷ್ ಬಲ್ಲವರು ನಮ್ಮ ಕಡೆ ಯಾರೂ ಇಲ್ಲ. ಇದನ್ನು ನೀವು ನಂಬಬೇಕು. ನಂಬದಿದ್ದರೆ ಅವರು ನಿಮ್ಮ ಮನೆಗೇ ಬಂದುಬಿಡುತ್ತಾರೆ! ಜೀವನವಿಡೀ ಪವರ್‌ಲೂಮ್ ರಿಪೇರಿ ಮಾಡಿ ಕಿವಿ ಮಂದ ಮಾಡಿಕೊಂಡ ಮನುಷ್ಯ. ಹೆಂಡತಿ, ನಮ್ಮ ಚಿಗವ್ವ, ತೀರಿಕೊಂಡಳು, ಮಕ್ಕಳಿರಲಿಲ್ಲ, ಕಾಕಾ ಕೆಲಸವನ್ನೂ ಬಿಟ್ಟರು. ಬಿಚ್ಚಿ ಜೋಡಿಸಲು ಮಗ್ಗವಿಲ್ಲವೆಂದು ಇಂಗ್ಲಿಷನ್ನು ಬಿಚ್ಚತೊಡಗಿದರು. ಅದೂ ಇಡೀ ಇಂಗ್ಲಿಷಲ್ಲ. ಅದರ ಕ್ರಿಯಾಪದದ ಬಾಲಕ್ಕೆ ಅಪ್, ಆಫ್, ಇನ್, ಔಟ್ ಎಂಬ ಚಿಲ್ಲರೆ ಪದಗಳು ಅಂಟಿಕೊಂಡು ಅರ್ಥವನ್ನೇ ತಿರುಗಿಸಿಬಿಡುತ್ತವಲ್ಲ, ಅವು ಮಾತ್ರ. ಕಾಕಾ ಅವಕ್ಕೆ ಇಟ್ಟ ಹೆಸರು ‘ಜೋಡಿ ಮಾತು’.

“ಗೆಟ್ ಅಂದ್ರ ಮಗ್ಗ, ತಿಳೀತಿಲ್ಲ? ಅಪ್, ಆಫ್ ಅಂದ್ರ ನೂಲು ಹೊತ್ತ ಓಡಾಡೂ ಲಾಳಿ. ಮಗ್ಗ ಅದ ಇರತೈತಿ. ಲಾಳಿ ಬದಲಿ ಮಾಡಿದಿ ಅಂದ್ರ ಸೀರಿ ಬಣ್ಣಾನ ಬ್ಯಾರೆ! ಗೆಟ್ ಅಪ್, ಏಳು. ಗೆಟ್ ಆಫ್, ಇಳಿ. ಗೆಟ್ ಅಲಾಂಗ್, ಹೊಂದಿಕೊಂಡ ಹೋಗು.”

“ಛಲೋ ಆತಲ್ರಿ ಕಾಕಾ, ಓದ್ಕೋತ ಇರ್ರಿ” ಅಂದೆ. ಅನ್ನಬಾರದಿತ್ತು.

“ಓದಿದ್ದ ಮರೀತೈತಿ ಬೇ. ಮಾಡಬೇಕ!”

ಹೀಗೆ ಶುರುವಾಯಿತು ದಿನಕ್ಕೊಂದು ಜೋಡಿ ಮಾತಿನ ವ್ರತ. ಬೆಳಿಗ್ಗೆ ಒಂದನ್ನು ಹಿಡಿದರೆ ಹೊತ್ತು ಮುಳುಗುವವರೆಗೆ ಅದನ್ನೇ ಮಾಡುವುದು. ‘ಡ್ರಾಪ್ ಇನ್’, ಅಂದರೆ ಹೇಳದೆ ಕೇಳದೆ ಒಬ್ಬರ ಮನೆಗೆ ಹೋಗಿ ಮುಖ ತೋರಿಸುವುದು. ಆ ದಿನ ನಾವಿನ್ನೂ ಹಲ್ಲುಜ್ಜುತ್ತಿದ್ದಾಗ ಬಾಗಿಲಲ್ಲಿ ಕಾಕಾ! ಕುಳಿತಂತೆ ಮಾಡಿದರು, ಎದ್ದರು, ಮುಧೋಳಕ್ಕೆ ಹೊರಟರು. ಅಲ್ಲಿ ನನ್ನ ತಂಗಿ ಬೀಗ ಹಾಕಿಕೊಂಡು ಹೊರಗೆ ಹೊರಟಿದ್ದಳು. ಅವಳಿಂದ ಬೀಗ ತೆಗೆಸಿ, ಒಳಗೆ ಹೋಗಿ, ಮತ್ತೆ ಹೊರಗೆ ಬಂದರಂತೆ. ಅಲ್ಲಿಂದ ಬೀಳಗಿ.

“ಬೀಳಗ್ಯಾಗ ನಮ್ಮವ್ರು ಯಾರ ಅದಾರ್ರಿ ಕಾಕಾ?”

“ಯಾರೂ ಇಲ್ಲ. ಗುರ್ತ ಇಲ್ಲದವ್ರ ಮನಿ. ಊಟಾ ಮಾತ್ರ ಖರೇನ ಛಲೋ ಇತ್ತ.”

‘ಕಾಲ್ ಆಫ್’ ಅಂದರೆ ನಿಗದಿಯಾದದ್ದನ್ನು ರದ್ದು ಮಾಡುವುದು. ಸ್ವಂತದ್ದೇನನ್ನಾದರೂ ರದ್ದು ಮಾಡಬಾರದೇ? ಕಾಕಾನದೆಂದು ಯಾವುದೂ ನಿಗದಿಯಾಗಿರಲೇ ಇಲ್ಲವಲ್ಲ! ಪಕ್ಕದ ಮನೆಯ ಹುಡುಗಿಯ ನಿಶ್ಚಯ ಮರುವಾರವಿತ್ತು. ಹೋಗಿ ಅವಳ ಅಪ್ಪನಿಗೆ, “ಇವತ್ತೊಂದ ದಿನ ಬ್ಯಾಡ ಅನ್ರಿ, ನಾಳಿ ಮತ್ತ ಹೂಂ ಅನ್ರಿ” ಎಂದು ಬೇಡಿಕೊಂಡರು. ಅವನು ಕೋಲು ಹಿಡಿದು ಬೆನ್ನು ಹತ್ತಿದ್ದರಿಂದ ‘ರನ್ ಅವೇ’ ಕೂಡ ಅದೇ ದಿನ ಮುಗಿಯಿತು.

ಎಲ್ಲಕ್ಕಿಂತ ಕಠಿಣವಾದದ್ದು ‘ಟರ್ನ್ ಡೌನ್’. ಯಾರಾದರೂ ಕೊಡಲು ಬಂದದ್ದನ್ನು ಬೇಡವೆನ್ನುವುದು. ಸುಲಭ ಅನ್ನುತ್ತೀರಾ? ಮಧ್ಯಾಹ್ನದ ಬಿಸಿಲಲ್ಲಿ ಬೆವರುತ್ತ ನಮ್ಮ ಮನೆಗೆ ಬಂದರು.

“‘ಚಹಾ ತಗೋರಿ’ ಅಂತ ಅನ್ನ ಬೇ” ಎಂದರು.

“ಚಹಾ ತಗೋರಿ ಕಾಕಾ.”

“ಬ್ಯಾಡ!” ಮುಖ ಅರಳಿತು. “ಇನ್ನೊಮ್ಮಿ ಅನ್ನ.”

“ಇದಕ್ಕ ರಬಕವಿಯಿಂದ ಬಂದ್ರೇನ್ರಿ?”

“ಮತ್ತೇನ ಮಾಡ್ಲಿ? ಮುಂಜಾನಿಂದ ಕುಂತೇನಿ, ತಗೋ ಅನ್ನಾಕ ಒಬ್ರೂ ಬರ್ಲಿಲ್ಲ. ಬ್ಯಾಡ ಅನ್ನಾಕೂ ಇನ್ನೊಬ್ರ ಬೇಕಲ್ಲ ಬೇ!”

ನಾನು ನಕ್ಕೆ. ಆಮೇಲೆ ಒಲೆಯ ಮುಂದೆ ನಿಂತಾಗ ಅದು ನಗುವ ಮಾತೇ ಎಂಬ ಚಿಂತೆ ಹತ್ತಿತು. ಚಹಾ ಕೈಗಿಟ್ಟು ಕೇಳಿಯೇಬಿಟ್ಟೆ: “ಈ ವಯಸ್ಸಿನ್ಯಾಗ ಇಂಗ್ಲಿಷ್ ಯಾಕ್ರಿ ಕಾಕಾ? ಯಾರ ಕೂಡ ಮಾತಾಡವ್ರು?”

“ಯಾರ ಕೂಡೂ ಇಲ್ಲ. ಅದಕ್ಕ ಇಂಗ್ಲಿಷ್” ಎಂದರು. ಬೇಡವೆಂದ ಚಹಾವನ್ನು ಬಸಿಗೆ ಸುರಿದುಕೊಂಡು ಊದಿದರು. “ಕನ್ನಡಾ ನಾ ಅರ್ಧಾ ಮಾತಾಡತಿದ್ದೆ, ಉಳದರ್ಧಾ ನಿಮ್ಮ ಚಿಗವ್ವ. ಈಗ ಮನ್ಯಾಗ ಒಬ್ಬನ ಕನ್ನಡಾ ಮಾತಾಡಿದ್ರ ಅಕಿ ಮಾತಿನ ಜಾಗಾ ಖಾಲಿ ಕೇಳಸ್ತೈತಿ. ಇಂಗ್ಲಿಷಿಗೆ ಅಕಿ ಎಂದೂ ಉತ್ತರಾ ಕೊಟ್ಟಾಕಿ ಅಲ್ಲ. ಗೆಟ್ ಅಪ್ ಅಂತೀನಿ, ಏಳ್ತೀನಿ. ಪುಟ್ ಆನ್ ಅಂತೀನಿ, ಅಂಗಿ ಹಾಕ್ಕೊಂತೀನಿ. ಯಾರೂ ಏನೂ ಅನ್ನಲಿಲ್ಲಂದ್ರೂ ನಡೀತೈತಿ.”

ನಾನು ಬಿಸ್ಕೀಟು ಕೊಟ್ಟೆ. ಅದನ್ನೂ ಬೇಡವೆಂದರು, ಸಂತೋಷದಿಂದ.

ಈ ಹೊತ್ತಿಗೆ ಓಣಿಯವರು ಕಾಕಾನನ್ನು ಕಂಡರೆ ಬಾಗಿಲು ಮುಂದೆ ಮಾಡುತ್ತಿದ್ದರು. ಇಂದು ಯಾವ ಜೋಡಿ ಮಾತೋ, ನಮ್ಮ ಮೇಲೆ ಬಿದ್ದೀತು ಎಂಬ ಭಯ! ಆಗ ಕಾಕಾ ಲಾಳಿ ಬದಲಿಸಿದರು. “ಮಂದಿ ಮನಿಗಿ ನಾ ಹೋಗೂದ ಬ್ಯಾಡ. ಮಂದೀನ ನಮ್ಮ ಮನಿಗಿ ಬರಲಿ” ಎಂದು ಉಚಿತ ಕ್ಲಾಸಿನ ಸುದ್ದಿಯನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಬರೆದರು.

“ಯಾರೂ ಬರ್ಲಿಲ್ಲಂದ್ರ?” ಎಂದು ಫೋನಿನಲ್ಲಿ ಕೇಳಿದೆ. ಚಿಂತೆ ಮಾಡುವವರು ಕೇಳುವುದೇ ಇಂಥದ್ದನ್ನು.

“ಪುಸ್ತಕಾ ಮುಚ್ಚಿಡ್ತೀನಿ. ಆಮ್ಯಾಲ ಇಂಗ್ಲಿಷೂ ಬ್ಯಾಡ, ಕನ್ನಡಾನೂ ಬ್ಯಾಡ.”

ಅದಕ್ಕೇ ನಾನು ಆ ಬಸ್ಸು ಹತ್ತಿದ್ದು.

ಮಂದಿ ಬಂದರು! ನೇಕಾರರು ಬಂದರು, ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಹೆಂಗಸರು ಕೂಸುಗಳನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು. ಹಿಟ್ಟಿನ ಗಿರಣಿಯವನು ತಲೆಯೆಲ್ಲ ಬೆಳ್ಳಗೆ ಮಾಡಿಕೊಂಡೇ ಬಂದ. ನಿಶ್ಚಯದ ಹುಡುಗಿಯ ಅಪ್ಪ ಕೋಲಿಲ್ಲದೆ ಬಂದು ಗೋಡೆಗೊರಗಿ ಕುಳಿತ. ಕಾಕಾ ಬಾಯಿ ತೆರೆದು ‘ರನ್ ಔಟ್’ ಎನ್ನುವಷ್ಟರಲ್ಲಿ ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಖಟಖಟ. ಮುಗಿಯಿತು, ಎಂದು ನಾನು ಸೆರಗು ಬಾಯಿಗೆ ಹಿಡಿದೆ.

ಆದರೆ ಆ ಸದ್ದಿನಲ್ಲೇ ಬಾಳಿದ ಊರದು. ಮಗ್ಗದ ಶೆಡ್ಡಿನಲ್ಲಿ ಯಾರೂ ಬಾಯಿಂದ ಮಾತಾಡುವುದಿಲ್ಲ, ಕೈಯಿಂದ ಆಡುತ್ತಾರೆ. ಕಾಕಾ ಬಾಯಿ ಮುಚ್ಚಿ ಕೈ ಎತ್ತಿದರು. ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜಿ ಕೊಡವಿದರು: ಕಂಡಿಕೆಯಲ್ಲಿ ನೂಲು ತೀರಿತು. ರನ್ ಔಟ್! ಎರಡು ಮಣಿಕಟ್ಟುಗಳನ್ನು ಒಂದರ ಮೇಲೊಂದು ಇಟ್ಟರು: ಮಗ್ಗ ಕೆಟ್ಟು ನಿಂತಿದೆ. ಬ್ರೇಕ್ ಡೌನ್! ಅಂಗೈ ಮುಂದೆ ಚಾಚಿದರು: ತಡಿ. ಹೋಲ್ಡ್ ಆನ್! ಇಡೀ ಮನೆ ತುಟಿಯಲ್ಲಿ ಇಂಗ್ಲಿಷ್ ಆಡಿಸುತ್ತ ಕೈಯಲ್ಲಿ ಉತ್ತರ ಕೊಟ್ಟಿತು. ಸದ್ದೇ ಇಲ್ಲದ ಸ್ಪೋಕನ್ ಇಂಗ್ಲಿಷ್ ಕ್ಲಾಸನ್ನು ನೀವೆಲ್ಲಾದರೂ ಕಂಡಿದ್ದೀರಾ? ಹೆಂಗಸರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಅದೂ ಕೇಳಿಸಲಿಲ್ಲ.

ಮತ್ತೆ ಕರೆಂಟು ಹೋದಾಗ ಒಬ್ಬಾಕೆ ಏಳುತ್ತ ಕೇಳಿದಳು: “ಮಾಸ್ತರ್ರ, ಮುಂದಿನ ಐತವಾರ ಕ್ಲಾಸ್ ಐತಿಲ್ರಿ?”

“ಕ್ಯಾರಿ ಆನ್!”

“ಹಂಗಂದ್ರ?”

“ನಡೀಲಿ ಅಂತ!”

“ನಡೀಲಿ ತಗೋರಿ. ಮುಂದಿನ ಸರ್ತಿ ನಮ್ಮತ್ತೀನೂ ಕರ್ಕೊಂಡ ಬರ್ತೀನಿ. ಅಕಿ ಬಾಯಿ ಮುಚ್ಚೂ ಕ್ಲಾಸ್ ಬೇಕಾಗೇತಿ.”

ನಗುತ್ತ, ಚಪ್ಪಲಿ ಹುಡುಕುತ್ತ ಎಲ್ಲರೂ ಹೋದರು. ನಾನು ಒಳಗೆ ಚಹಾ ಸೋಸುತ್ತಿದ್ದೆ. ನಾನಿರುವುದನ್ನು ಕಾಕಾ ಮರೆತಿರಬೇಕು. ಬಾಗಿಲು ಮುಂದೆ ಮಾಡಿದ ಸದ್ದಾಯಿತು. ಆಮೇಲೆ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತ, ಮನೆ ತುಂಬುವಂಥ ದನಿಯಲ್ಲಿ, ಅಡುಗೆಮನೆಯ ಕಡೆ ಕೂಗಿದರು:

“ಏನ, ಕೇಳಿದಿ ಇಲ್ಲ? ಮುಂದಿನ ವಾರಾನೂ ಬರ್ತಾರಂತ!”

ಕನ್ನಡದಲ್ಲಿ.

ಆ ದಿನ ಕೆಟ್ಟದ್ದು ಇದೊಂದೇ. ನಾನು ಜರಡಿಯನ್ನು ಸದ್ದಾಗದಂತೆ ಹಿಡಿದು ನಿಂತೆ. ಹೊರಗೆ ಕಾಕಾ, ಸ್ವಲ್ಪ ಚೆನ್ನಾಗಿ ಕೇಳಿಸುವ ಎಡಗಿವಿಯನ್ನು ಇತ್ತ ತಿರುಗಿಸಿಕೊಂಡು, ಉಳಿದರ್ಧ ಮಾತಿಗೆ ಕಾಯುತ್ತಿದ್ದರು.