ಜಪ್ತಿಯಾದ ಗೆಣಸು ಚಿಗುರಿದ ವಿಚಾರ

ಸಂಖ್ಯೆ: ಕಾ.ಗೆ./ಬಳ್ಳಿ/೭/೧೯೭೪-೭೫
ಅರಣ್ಯ ಇಲಾಖೆ ಕಚೇರಿ, ಮಳವಳ್ಳಿ, ದಿನಾಂಕ ೧೨-೭-೧೯೭೪

ಸುತ್ತೋಲೆ

ವಿಷಯ: ಕಚೇರಿಯ ದಾಖಲೆ ಕೊಠಡಿಯಲ್ಲಿ ತಾನಾಗಿ ಹುಟ್ಟಿರುವ ಅರಣ್ಯದ ರಕ್ಷಣೆ.

ಉಲ್ಲೇಖ: ಅಂಕಮ್ಮನ ಗೆಣಸಿನ ಮೊಕದ್ದಮೆ, ಗುಮಾಸ್ತ ಸಂಪತ್ ಕುಮಾರರ ಹಸಿವಿನ ಅರ್ಜಿ.

೧. ಮುತ್ತತ್ತಿ ಕಾಡಿನಲ್ಲೇ ವಾಸಿಸುವ ಇರುಳಿಗ ಬುಡಕಟ್ಟಿನವರ ದೊಡ್ಡಿಯ ಅಂಕಮ್ಮ ಎಂಬಾಕೆಯು ಶಿವರಾತ್ರಿ ಕಳೆದ ವಾರ ಕಾಡುಗೆಣಸು ಅಗೆದು, ಅದರ ತಲೆಭಾಗವನ್ನು ಅದೇ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚುತ್ತಿರುವಾಗ ಗಾರ್ಡ್ ಶಿವಣ್ಣನವರಿಂದ ಹಿಡಿಯಲ್ಪಟ್ಟಿರುತ್ತಾಳೆ. ಕದ್ದ ಮಾಲನ್ನು ಯಾರೂ ವಾಪಸು ಇಡುವುದಿಲ್ಲವಾದ್ದರಿಂದ ಇದನ್ನು ಸಾಕ್ಷ್ಯ ಹೂಳುವ ಯತ್ನವೆಂದು ಪರಿಗಣಿಸಿ, ಸದರಿ ತಲೆಯನ್ನೂ ಅಗೆಯುವ ಕೋಲನ್ನೂ ಜಪ್ತಿ ಮಾಡಲಾಯಿತು. ಉಳಿದ ಗೆಣಸನ್ನು ಸಿಬ್ಬಂದಿಯು ಬೇಯಿಸಿ ಪರೀಕ್ಷಿಸಿದ್ದು, ಅದು ಗೆಣಸೇ ಎಂದು ದೃಢಪಟ್ಟಿದೆ.

೨. ಆಕೆಯ ಹೇಳಿಕೆ: “ತಲೆ ಮಣ್ಣಿಗೆ ಬುಟ್ರೆ ಮುಂದ್ಲ ಮಳೆಗೆ ಬಳ್ಳಿ ಬತ್ತದೆ ಸೋಮಿ. ನಮ್ಮವ್ವನೂ ಇಂಗೇ ಬುಡ್ತಿದ್ಲು. ನಾವು ಕಾಡಿಗೆ ಬಂದೋರಲ್ಲ, ಇಲ್ಲೇ ಉಟ್ದೋರು. ಗೆಣ್ಸು ಬೇಕಾದ್ರೆ ಇಟ್ಕಳಿ, ಕೋಲು ಕೊಡಿ. ಕೋಲಿಲ್ದೆ ಮಕ್ಳಿಗೆ ಏನಿಕ್ಲಿ?” ಕಾಡೆಲ್ಲ ಸರ್ಕಾರದ್ದಾದ ಕಾರಣ ಈ ವಾದವನ್ನು ತಿರಸ್ಕರಿಸಲಾಗಿದೆ. ಆ ಮನೆಯ ಒಲೆಯನ್ನು ನೆನೆದು ಈ ಕಚೇರಿಗೆ ಸಂಕಟವಾಗಿದ್ದು ನಿಜ. ಆದರೆ ಸಂಕಟಕ್ಕೆ ಮಂಜೂರಾತಿ ಬಂದಿರುವುದಿಲ್ಲ.

೩. ಸದರಿ ತಲೆಯು ದಾಖಲೆ ಕೊಠಡಿಯ ಸೋರುವ ಮೂಲೆಯಲ್ಲಿ ಚಿಗುರಿ, ಜಪ್ತಿಯಾದ ಕೋಲಿಗೇ ಸುತ್ತಿಕೊಂಡು, ಬೀರು ಹತ್ತಿ ಸೂರು ಮುಟ್ಟಿರುತ್ತದೆ. ತಾನಾಗಿ ಬೆಳೆದದ್ದು ಕಾಡು, ಕಾಡು ಸರ್ಕಾರದ್ದು. ಆದ್ದರಿಂದ ಸದರಿ ಕೊಠಡಿಯನ್ನು ಮೀಸಲು ಅರಣ್ಯವೆಂದು ಭಾವಿಸತಕ್ಕದ್ದು.

೪. ಅಪ್ಪಣೆಯಿಲ್ಲದೆ ಸಿಬ್ಬಂದಿ ಒಳಹೋಗಕೂಡದು. ಒಳಗೆ ಬಿದ್ದ ಗುಂಡುಪಿನ್ನುಗಳು ಅರಣ್ಯೋತ್ಪನ್ನವಾಗಿರುತ್ತವೆ. ಇಲಿಬೋನು ಇಟ್ಟವರ ಮೇಲೆ ಬೇಟೆಯ ಮೊಕದ್ದಮೆ ಹೂಡಲಾಗುವುದು.

೫. ಹೀಗಿರುವಲ್ಲಿ, ಸದರಿ ಕೊಠಡಿಯಲ್ಲೇ ಮೇಜುಳ್ಳ ಗುಮಾಸ್ತ ಸಂಪತ್ ಕುಮಾರರು ಒಳನುಗ್ಗಿ, ಮೇಜಿನ ಮೇಲೆ ಉಳಿದಿದ್ದ ಊಟದ ಕ್ಯಾರಿಯರ್ ಹೊರತರುವಾಗ ಅದೇ ಶಿವಣ್ಣನವರಿಗೆ ಸಿಕ್ಕಿಬಿದ್ದಿರುತ್ತಾರೆ. ಅವರ ಹೇಳಿಕೆ: “ಕೆಲಸಕ್ಕೆ ಸೇರಿದಾಗಿನಿಂದ ಇಲ್ಲೇ ಕೂತಿದ್ದೀನಿ ಸಾರ್. ನಾನು ಕಾಡಿಗೆ ಹೋಗಲಿಲ್ಲ, ಕಾಡೇ ನನ್ನ ಮೇಜಿಗೆ ಬಂತು!” ಈ ವಾದವನ್ನೂ ತಿರಸ್ಕರಿಸಲು ಕಚೇರಿ ಸಿದ್ಧವಿತ್ತು. ಆದರೆ ಸದರಿ ಕ್ಯಾರಿಯರಿನಲ್ಲಿ ಸಾಹೇಬರ ಪಾಲಿನ ಮೊಸರನ್ನವೂ ಇದ್ದ ಕಾರಣ, ವಾದದಲ್ಲಿ ಹುರುಳಿದೆಯೆಂದು ಕಂಡುಬಂದಿದೆ.

೬. ಒಂದೇ ವಾದಕ್ಕೆ ಎರಡು ತೀರ್ಪು ಕೊಡಬಹುದೇ ಎಂದು ನೋಡಲು ಬೇಕಾದ ನಿಯಮಗಳ ಪುಸ್ತಕ ಸದರಿ ಅರಣ್ಯದೊಳಗೇ ಸಿಕ್ಕಿಕೊಂಡಿದೆ. ಗತ್ಯಂತರವಿಲ್ಲದೆ, ಮೊದಲಿನಿಂದ ಇದ್ದವರಿಗೆ ಹಕ್ಕುಂಟೆಂದು, ಸದರಿ ಮೇಜಿನ ಮತ್ತು ಸದರಿ ಗುಂಡಿಯ ಮಟ್ಟಿಗೆ ಒಪ್ಪಲಾಗಿದೆ. ಕೋಲಿನಿಂದ ಬಳ್ಳಿ ಬಿಡಿಸಲಾಗದ್ದರಿಂದ ಎರಡನ್ನೂ ಅಂಕಮ್ಮನಿಗೆ ಒಪ್ಪಿಸತಕ್ಕದ್ದು. ಆಕೆ ತಲೆಯನ್ನು ಮಣ್ಣಿಗಿಡುವಾಗ ಯಾರೂ ಹಿಡಿಯಕೂಡದು.

ಸಹಿ/-
ಅಧಿಕಾರಿಗಳ ಪರವಾಗಿ
(ಅಧಿಕಾರಿಗಳು ಊಟಕ್ಕೆ ಕೂತಿರುತ್ತಾರೆ)

ಪ್ರತಿಗಳು:
ಸಂಪತ್ ಕುಮಾರ: ಕ್ಯಾರಿಯರ್ ತೊಳೆದಿಡುವ ಸಲುವಾಗಿ.
ಗಾರ್ಡ್ ಶಿವಣ್ಣ: ಬಳ್ಳಿ ಮುರಿಯದಂತೆ ಬಸ್ಸಿನಲ್ಲಿ ಒಯ್ಯಲು. ಕಂಡಕ್ಟರು ಲಗೇಜು ಕೇಳಿದಲ್ಲಿ ಅರಣ್ಯಕ್ಕೆ ಲಗೇಜಿಲ್ಲವೆಂದು ತಿಳಿಸುವುದು.
ಅಂಕಮ್ಮ: ಶಿವಣ್ಣನವರು ಓದಿ ಹೇಳತಕ್ಕದ್ದು. ಕೇಳಿದ ಮೇಲೆ ಆಕೆ “ಅವತ್ತು ನಾನೂ ಇದ್ನೇ ಅಲ್ವಾ ಸೋಮಿ ಅಂದಿದ್ದು?” ಎಂದಲ್ಲಿ, ಅದನ್ನು ವರದಿ ಮಾಡಬೇಕಾಗಿಲ್ಲ.