ಹಿರಿಯರ ಸಾಲಿನಲ್ಲಿ ಏಳನೆಯವರು

ಸತ್ತವರನ್ನೆಲ್ಲ ಒಟ್ಟಿಗೆ ನಿಲ್ಲಿಸಿ ಒಂದು ಗ್ರೂಪ್ ಫೋಟೋ ಮಾಡಬೇಕು ಅನ್ನುವ ದಿವ್ಯಾಲೋಚನೆ ಯಲಹಂಕದ ಹತ್ತಿರದ ಸಿಂಗಾಪುರದ ಮಹೇಂದ್ರನಿಗೆ ಹಲ್ಲುಜ್ಜುವಾಗ ಹೊಳೆಯಿತು. ಅವನ ಬಹುಪಾಲು ಕಷ್ಟಗಳು ಬಚ್ಚಲುಮನೆಯಲ್ಲೇ ಹುಟ್ಟಿದಂಥವು.

ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ಹಬ್ಬ ಇಷ್ಟು ವರ್ಷ ದೊಡ್ಡಪ್ಪನ ಮನೆಯಲ್ಲಿ ನಡೆಯುತ್ತಿತ್ತು. ದೊಡ್ಡಪ್ಪನೇ ಫೋಟೋ ಆಗಿ ಗೋಡೆ ಹತ್ತಿದ ಮೇಲೆ ಈ ಸಲ ಮಹೇಂದ್ರನ ಪಾಲಿಗೆ ಬಂತು. ರಾಜಾನುಕುಂಟೆಯಿಂದ ಸೋದರತ್ತೆ ಮುನಿನಾರಾಯಣಮ್ಮ ಫೋನಿನಲ್ಲೇ ಗುಡುಗಿದರು: "ನೋಡೋ ಮಯೇಂದ್ರ, ಎಡೇಲಿ ಏನಾರ ಎಚ್ಚುಕಮ್ಮಿ ಆದ್ರೆ ಇರೀಕರು ಸುಮ್ಕಿರಾಕಿಲ್ಲ. ಅಸ್ಕೊಂಡು ಮನೆ ಬಾಗ್ಲಲ್ಲೇ ನಿಂತ್ಕತಾರೆ!"

ನೆಂಟರ ಮುಂದೆ ಸೈ ಅನ್ನಿಸಿಕೊಳ್ಳಬೇಕಾದ ಮೊದಲ ಹಬ್ಬ. ತಾತ, ಅಜ್ಜಿ, ಚಿಕ್ಕತಾತ, ದೊಡ್ಡಪ್ಪ, ಅಪ್ಪ, ಅವ್ವ, ಒಟ್ಟು ಆರು ಜನ; ಆರು ಫೋಟೋ, ಒಂದೊಂದೂ ಒಂದೊಂದು ಅಳತೆ. ಮಹೇಂದ್ರ ಎಲ್ಲವನ್ನೂ ಬಿಚ್ಚಿ, ಕಟ್ಟುಗಳನ್ನು ಗುಜರಿಗೆ ಹಾಕಿ, ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಇಳಿಸಿಕೊಂಡು ಕಂಪ್ಯೂಟರಿನ ಮುಂದೆ ತಪಸ್ಸಿಗೆ ಕೂತ.

"ರೀ, ಇದ್ದ ಫೋಟೋಗಳಿಗೆ ಏನಾಗಿತ್ತು?" ಅಂದಳು ಹೆಂಡತಿ ಸರಳಾ.

ಮೌಸು ಮಾತ್ರ ಕ್ಲಿಕ್ ಅಂದಿತು.

"ರೀ, ಕಾಫಿ ಇಟ್ಟಿದ್ದೀನಿ."

ಲೋಟ ಖಾಲಿಯಾಯಿತು.

"ರೀ, ನನಗೆ ಜ್ವರ ಬಂದಿದೆ."

"ಹೂಂ, ಟೇಬಲ್ ಮೇಲಿಡು."

ಹೀಗೆ ಒಂದು ತಿಂಗಳು ನಡೆಯಿತು. ಆಫೀಸಿನಿಂದ ಬಂದವನೇ ಮೌಸು ಹಿಡಿದು ಹಿರಿಯರ ಅಂಚು ಕತ್ತರಿಸಲು ಕೂರುತ್ತಿದ್ದ. ಮೌಸು ಜಾರಿ ತಾತ ಮುನಿಆಂಜಿನಪ್ಪನವರ ಒಂದು ಕಿವಿ ಹಾರಿಹೋಯಿತು. ಅಪ್ಪನ ಕಿವಿಯ ನಕಲು ತಂದು ಅಂಟಿಸಿದ. (ವಂಶದ ಕಿವಿ ತಾನೇ, ಯಾರದಾದರೇನು?) ಒಂದು ಹುಣಸೆಮರದ ಜಗಳಕ್ಕೆ ನಲವತ್ತು ವರ್ಷ ಮುಖ ನೋಡದಿದ್ದ ತಾತನನ್ನೂ ಚಿಕ್ಕತಾತನನ್ನೂ ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿದ. ಪಕ್ಕದಲ್ಲಿ ಅಜ್ಜಿ ಮುನಿಕೆಂಪಮ್ಮ, ಹಿಂದೆ ನಂದಿಬೆಟ್ಟದ ಸೂರ್ಯೋದಯ. ಎಣಿಸಿದ, ಆರು ಜನ. ಉಸ್ಸಪ್ಪಾ ಅಂತ ಸೇವ್ ಮಾಡಿ ಎದ್ದ.

ಮಾರನೆಯ ಸಂಜೆ ಮೋಡ ಕವಿದು ಮನೆಯೆಲ್ಲ ಮಬ್ಬಾಗಿತ್ತು. ಮಹೇಂದ್ರ ಫೋಟೋ ತೆರೆದ. ಯಾಕೋ ಸರಿ ಕಾಣಲಿಲ್ಲ. ಎಣಿಸಿದ.

ಏಳು ಜನ!

ಅಜ್ಜಿಯ ಭುಜದ ಹಿಂದೆ ಒಬ್ಬ ಮುದುಕ. ಬೆಳ್ಳಗಾದ ಕೂದಲು, ಗುಳಿಬಿದ್ದ ಕೆನ್ನೆ, ಹಲ್ಲಿಲ್ಲದ ಬಾಯಿ. ಉಳಿದ ಆರು ಜನ ಆ ಕಡೆ ಈ ಕಡೆ ನೋಡುತ್ತಿದ್ದರೆ ಇವನೊಬ್ಬ ನೇರ ಮಹೇಂದ್ರನನ್ನೇ ನೋಡುತ್ತಿದ್ದ. ಎಲ್ಲೋ ಕಂಡ ಮುಖ. ಎಲ್ಲಿ ಅಂತ ಹೊಳೆಯಲಿಲ್ಲ. ಮಹೇಂದ್ರ ಕುರ್ಚಿ ಎಡಕ್ಕೆ ಎಳೆದ, ಮುದುಕನ ಕಣ್ಣು ಎಡಕ್ಕೆ ಬಂತು. ಬಲಕ್ಕೆ ಸರಿದ, ಅಲ್ಲಿಗೂ ಬಂತು.

ಹೇಗೋ ಅವನನ್ನು ಅಳಿಸಿ ಮಲಗಿದ. ಮರುದಿನ ನೋಡಿದರೆ ಮುದುಕ ಮತ್ತೆ ಹಾಜರ್! ಒಂದು ಹೆಜ್ಜೆ ಮುಂದಕ್ಕೂ ಬಂದಿದ್ದ.

"ಯಾಕ್ರೀ, ಮುಖ ಹಂಗೆ ಬಿಳುಚ್ಕೊಂಡಿದೆ?" ಅಂದಳು ಸರಳಾ.

ಹೇಳಿದರೆ 'ಇದ್ದದ್ದನ್ನು ಬಿಚ್ಚಬೇಡಿ ಅಂದಿದ್ದೆ' ಅಂತ ಶುರುವಾಗುತ್ತೆ. ಮಹೇಂದ್ರ ಮತ್ತೆ ಅಳಿಸಿ, ಆರು ಅಂತ ಮೂರು ಸಲ ಎಣಿಸಿ, ಪೆನ್‌ಡ್ರೈವಿಗೆ ಹಾಕಿದ. "ಬೆಳಗ್ಗೆ ಯಲಹಂಕಕ್ಕೆ ಹೂವಿಗೆ ಹೋಗ್ತೀನಲ್ಲ, ನಾನೇ ಸ್ಟುಡಿಯೋಗೆ ಕೊಟ್ಟು ಬರ್ತೀನಿ," ಅಂದಳು ಸರಳಾ. ಪುಣ್ಯಾತಗಿತ್ತಿ ಅಂದುಕೊಂಡ.

ಅಮಾವಾಸ್ಯೆಯ ಬೆಳಗ್ಗೆ ಸ್ಟುಡಿಯೋದ ನಯೀಮ್ ಕಟ್ಟು ಹಾಕಿದ ಫೋಟೋ ತಂದು ಗೋಡೆಗೆ ಒರಗಿಸಿದ. "ಸಾರ್, ಎಲ್ಲಾ ಸೂಪರ್ ಆಗಿ ಬಂದಿದೆ. ಆ ಹಿಂದೆ ನಿಂತಿರೋ ಅಜ್ಜ ಯಾರು ಸಾರ್? ಅಂಗಡೀಲಿ ಎಲ್ಲಿ ನಿಂತ್ರೂ ನನ್ನೇ ನೋಡ್ತಿದ್ರು. ಕೊನೆಗೆ ಗೋಡೆ ಕಡೆ ತಿರುಗಿಸಿಟ್ಟೆ."

ಮಹೇಂದ್ರ ಎಣಿಸಿದ, ಏಳು! ಹಳೆಯ ಕಟ್ಟುಗಳು ಗುಜರಿಗೆ ಹೋಗಿದ್ದವು, ಆಟೋದಿಂದ ಅತ್ತೆ ಇಳಿಯುತ್ತಿದ್ದರು. ಬೇರೆ ದಾರಿಯಿಲ್ಲದೆ ಆ ಏಳು ಜನರನ್ನೇ ಹಿರಿಯರಿಗೆಂದು ತಂದಿಟ್ಟ ಹೊಸ ಬಟ್ಟೆಗಳ ಮುಂದೆ ನಿಲ್ಲಿಸಿದ.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ಎಣಿಸಿದರು. "ಏಳು ಜನ ಅವ್ರೆ. ಎಲೆ ಆರೇ ಆಕಿದ್ದೀಯಲ್ಲೋ?"

"ಅತ್ತೆ... ಆ ಏಳನೆಯವರು ಯಾರು?" ಕೇಳಿದ ಮಹೇಂದ್ರ.

ಅತ್ತೆ ಫೋಟೋಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಬಹಳ ಹೊತ್ತು ನೋಡಿದರು. ತಿರುಗಿದಾಗ ಕಣ್ಣಲ್ಲಿ ನೀರಿತ್ತು.

"ನಮ್ಮ ದೊಡ್ಡಣ್ಣ ಕಣೋ, ನಿನ್ನ ದೊಡ್ಡಪ್ಪಂಗಿಂತ ದೊಡ್ಡೋನು. ಬಾವಿಗೆ ಬಿದ್ದೋದ್ನಲ್ಲ, ಅವ್ನು. ಪಾಪ, ಒಂದು ಪೋಟ ಕೂಡ ತೆಗಿಸ್ಕೊಂಡಿರ್ಲಿಲ್ಲ."

"ಅವರು ಇಪ್ಪತ್ತು ವರ್ಷಕ್ಕೇ ಹೋದರಲ್ಲ ಅತ್ತೆ? ಇದು ಮುದುಕ!"

"ಸತ್ಮೇಲೆ ವಯಸ್ಸಾಗಾಕಿಲ್ಲ ಅಂತ ನಿಂಗ್ಯಾರೇಳಿದ್ರು? ಅಲ್ಲೂ ಆಯ್ತದೆ. ಇಷ್ಟ್ ವರ್ಸ ಎಡೆ ಇಕ್ಕಿಲ್ಲ ಅಂತ ಅವ್ನೇ ಉಡಿಕ್ಕೊಂಡು ಬಂದವ್ನೆ. ಆಕು ಇನ್ನೊಂದು ಎಲೆ!"

ಏಳನೆಯ ಎಲೆ ಬಿತ್ತು. ಕಜ್ಜಾಯ, ವಡೆ, ಮಟನ್ ಸಾರು, ಮುದ್ದೆ. ಆಮೇಲೆ ಅವರವರಿಗೆ ಪ್ರೀತಿಯಾದದ್ದು: ತಾತನಿಗೆ ಬೀಡಿಕಟ್ಟು, ಅಜ್ಜಿಗೆ ಎಲೆಅಡಿಕೆ, ಅಪ್ಪನಿಗೆ ಒಂದು ಕ್ವಾರ್ಟರ್. "ಏಳನೆಯವರಿಗೆ ಏನು ಪ್ರೀತಿ ಅಂತ ನನಗೆ ಗೊತ್ತು, ನಾನಿಡ್ತೀನಿ. ನೀವು ನಡೀರಿ," ಅಂದಳು ಸರಳಾ. ಇವಳಿಗೆ ಹೇಗೆ ಗೊತ್ತು? ಮಹೇಂದ್ರ ತಿರುತಿರುಗಿ ಅವಳನ್ನೇ ನೋಡುತ್ತ ಹೊರಗೆ ನಡೆದ. ಹಿರಿಯರು ಬಂದು ಉಣ್ಣಲಿ ಅಂತ ಪರದೆ ಎಳೆದು, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ನಿಂತರು. ಒಳಗೆ ಏನೋ ಸರಿದ ಸದ್ದು.

"ಓಗು, ಮೂರು ಸಲ ಬಾಗ್ಲು ಬಡ್ದು ತೆಗಿ," ಅಂದರು ಅತ್ತೆ. "ಮನೆ ಯಜಮಾನ ನೀನು."

ಬಡಿದ, ತೆಗೆದ. ಒಳಗಿದ್ದ ದೀಪ ಆರಿಹೋಗಿತ್ತು. ಕತ್ತಲಲ್ಲಿ, ಏಳನೆಯ ಎಲೆಯ ಮೇಲೆ, ಕೆಂಪಗೆ ಒಂದು ಕಣ್ಣು ಉರಿಯುತ್ತಿತ್ತು.

"ಅಯ್ಯಯ್ಯೋ! ಸರಳಾ! ಸರಳಾ!"

ಲೈಟು ಹತ್ತಿತು. ಎಲೆಯ ತುದಿಯಲ್ಲಿ ಕಜ್ಜಾಯದ ಮೇಲಿನಿಂದ ಜಾರಿ ಅವನ ವೈರಿಲ್ಲದ ಮೌಸು ಅಂಗಾತ ಮಲಗಿತ್ತು, ಹೊಟ್ಟೆಯಲ್ಲಿ ಕೆಂಪು ದೀಪ.

"ಓಹೋ, ಮಾತು ಬಂತಾ?" ಅಂದಳು ಸರಳಾ. "ಒಂದು ತಿಂಗಳಾದ ಮೇಲೆ ಇವತ್ತು ನನ್ನ ಹೆಸರು ಕರೆದ್ರಿ."

"ಹಾಗಾದರೆ ಆ ಮುದುಕ..."

"ನೀವೇ ಕಣ್ರೀ! ನಿಮ್ಮ ಬೆನ್ನ ಹಿಂದೆ ನಿಂತು ನೋಡ್ತಾ ನೋಡ್ತಾ ಎಡಿಟಿಂಗ್ ಕಲ್ತೆ. ನಾನು ನಿಂತಿದ್ದೂ ನಿಮಗೆ ಗೊತ್ತಾಗ್ಲಿಲ್ಲ. ಕೂದ್ಲು ಬೆಳ್ಳಗೆ ಮಾಡ್ದೆ, ಹಲ್ಲು ತೆಗ್ದೆ, ನೀವು ಅಳಿಸಿದಾಗೆಲ್ಲ ಮತ್ತೆ ಅಂಟಿಸ್ದೆ. ಇಟ್ಟಿದ್ದನ್ನ ತಿಂತೀರ, ಕರೆದ್ರೆ ಮಾತಾಡಲ್ಲ. ಹಿರಿಯರಿಗೂ ನಿಮಗೂ ಏನ್ರೀ ವ್ಯತ್ಯಾಸ? ಜ್ವರದಲ್ಲಿ ಬಿದ್ದಿದ್ದಾಗ ಈ ಮನೇಲಿ ನಾನೊಬ್ಳೇ ಇದ್ದೀನಿ ಅಂತ ಅಳು ಬಂತು, ಗೊತ್ತಾ?"

ಮಹೇಂದ್ರನಿಗೆ ನಾಚಿಕೆಯಿಂದ ಮುಖ ಎಲ್ಲಿಡುವುದು ತಿಳಿಯಲಿಲ್ಲ. "ತಪ್ಪಾಯ್ತು ಕಣೇ. ಈಗಲೇ ಆ ಮುಖ ತೆಗೆದು ಹಾಕ್ತೀನಿ."

"ತೆಗ್ದೀಯಾ ಜೋಕೆ!" ಅತ್ತೆ ಅಡ್ಡ ಬಂದರು. "ಎಡೆ ಇಕ್ಕಿದ್ಮೇಲೆ ಆಯ್ತು. ಒಂದ್ಸಲ ಉಂಡೋರ್ನ ಸಾಲಿಂದ ಎಬ್ಬಿಸಂಗಿಲ್ಲ. ಇನ್ ವರ್ಸಾವರ್ಸ ನಿಂಗೂ ಒಂದೆಲೆ!"

"ನಾನಿನ್ನೂ ಬದುಕಿದ್ದೀನಿ ಅತ್ತೆ!"

"ಅದು ನಿನ್ನ ಎಂಡ್ತಿ ಏಳ್ಬೇಕು," ಅಂದು ಅತ್ತೆ ಎಲೆಅಡಿಕೆಗೆ ಕೈ ಹಾಕಿದರು.

ಈಗ ಸಿಂಗಾಪುರದ ಆ ಮನೆಯಲ್ಲಿ ಹಾರ ಹಾಕಿದ ಫೋಟೋದ ಕೆಳಗೆ ಕೂತು ಮಹೇಂದ್ರ ಊಟ ಮಾಡುತ್ತಾನೆ. ಮುದುಕ ಮೇಲಿನಿಂದ ನೋಡುತ್ತಲೇ ಇರುತ್ತಾನೆ. ಅಡುಗೆಮನೆಯಿಂದ ಸರಳಾ "ರೀ..." ಅಂತ ರಾಗ ಎಳೆಯುವುದೇ ತಡ, ಬಾಯಲ್ಲಿ ತುತ್ತಿದ್ದರೂ ಎದ್ದು ಓಡುತ್ತಾನೆ:

"ಇದ್ದೀನಿ ಕಣೇ, ಇದ್ದೀನಿ!"