ನನ್ನ ಮಾವನ ಅನೇಕ ಅಪ್ಪಂದಿರು

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಡೊಂಬಿವಲಿಯಲ್ಲಿ ಸಾಕಿದ ಸೋದರಮಾವನಿಗೆ ಒಟ್ಟು ಎಷ್ಟು ಜನ ಅಪ್ಪಂದಿರು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಗಾಬರಿಯಾಗಬೇಡಿ, ಅಜ್ಜ ಒಬ್ಬರೇ. ಆದರೆ ಇಲ್ಲಿ ಮಹಾರಾಷ್ಟ್ರದಲ್ಲಿ ಹೆಸರಿಗೂ ಅಡ್ಡಹೆಸರಿಗೂ ನಡುವೆ ಅಪ್ಪನ ಹೆಸರು ಬೇಕೇ ಬೇಕಲ್ಲ? ಉಡುಪಿ ಕಡೆಯ ನಮಗೆ ಆ ರೂಢಿಯಿಲ್ಲ. ಆ ಖಾಲಿ ಜಾಗದಲ್ಲಿ ಮಾವ ಗೂಢಚಾರರನ್ನು ಕೂರಿಸಿದ್ದರು. ಚಪ್ಪಲಿ ಅಂಗಡಿಗೆ ಕೊಟ್ಟ ಅಪ್ಪನ ಹೆಸರು ಬಸಳೆ. ಕನ್ನಡಕದಂಗಡಿಗೆ ಗುಜ್ಜೆ, ಅಂದರೆ ಎಳೆ ಹಲಸು.

"ಅಜ್ಜನಿಗೆ ಬಸಳೆ ಅಂತ ಹೆಸರಿಡ್ತೀರಲ್ಲ ಮಾವ?"

"ಹೆಸರು, ನಂಬರು ಕಂಡವರಿಗೆಲ್ಲ ಹಂಚ್ಲಿಕ್ಕೆ ಅದೆಂತ ಪ್ರಸಾದವಾ? ಅಂಗಡಿಗೊಂದು ಹೆಸರು ಕೊಟ್ರೆ ಮಾರಿದ್ದು ಯಾರೂಂತ ಗೊತ್ತಾಗ್ತದಲ್ಲ ಮಾರಾಯ್ತಿ."

ಒಮ್ಮೆ ಯಾರೋ ಫೋನಿನಲ್ಲಿ "ಬಸಳೆಜೀ, ವಿಮೆ ಬೇಕಾ?" ಎಂದರು. ಸಂಜೆಯೇ ಮಾವ ಚಪ್ಪಲಿ ಅಂಗಡಿಗೆ ನುಗ್ಗಿದರು. "ನಂಬರ್ ಮೇರಾ, ಬೇಚಾ ತುಮ್‌ನೇ. ಆಧಾ ಪೈಸಾ ನಿಕಾಲೋ!" ನಂಬರು ಮಾರಿದ ದುಡ್ಡಿನಲ್ಲಿ ಅವರಿಗೆ ಅರ್ಧ ಪಾಲು ಬೇಕಿತ್ತು.

ವಾಶಿಯ ಮಾಲಿನಲ್ಲಿ ನಾನು ಕಾರಿನ ಲಕ್ಕಿ ಡ್ರಾ ಕೂಪನ್ ತುಂಬುತ್ತಿದ್ದಾಗ ಮಾವ ಪೆನ್ನು ಕಸಿದು ನಡುವೆ ನಮ್ಮ ಕೆಸುವಿನೆಲೆಯ ತಿಂಡಿ 'ಪತ್ರೊಡೆ' ಎಂದು ಬರೆದೇ ಬಿಟ್ಟರು. ಕೌಂಟರಿನ ಹುಡುಗಿ "ನೈಸ್ ನೇಮ್, ಮ್ಯಾಮ್" ಎಂದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಕಾರು ಬರಲಿಲ್ಲ, ಫೋನು ಬಂತು. ಠಾಣೆ ರೈಲ್ವೆ ಸ್ಟೇಷನ್ನಿನ ಗದ್ದಲದಲ್ಲಿ ನಾನಿದ್ದಾಗ ಬ್ಯಾಂಕಿನವನಂತೆ ಒಬ್ಬ ಗಂಭೀರವಾಗಿ ಹೇಳಿದ: ನಿಮ್ಮ ಖಾತೆ ಬಂದ್ ಆಗುತ್ತಿದೆ, ಈಗ ಬಂದ ಒಟಿಪಿ ಹೇಳಿ. ಟಿಟ್ವಾಳಾದಲ್ಲೊಂದು ಮನೆ ಕೊಳ್ಳಲೆಂದು ಕೂಡಿಟ್ಟದ್ದೆಲ್ಲ ಅದೇ ಖಾತೆಯಲ್ಲಿತ್ತು. ಡಬಲ್ ಗ್ರ್ಯಾಜುಯೇಟ್ ನಾನು ಒಂದೊಂದೇ ಅಂಕಿ ಹೇಳತೊಡಗಿದೆ. ಕೊನೆಯದೊಂದು ಬಾಕಿಯಿತ್ತು.

"ಜಲ್ದಿ ಬೋಲಿಯೇ, ವಿದ್ಯಾ ಪತ್ರೊಡೆಜೀ" ಎಂದು ಅವಸರಪಡಿಸಿದ.

ನಾಲಗೆ ನಿಂತಿತು. ಬ್ಯಾಂಕಿಗೆ ಎಲ್ಲಿಯ ಪತ್ರೊಡೆ? ಆ ಹೆಸರು ಗೊತ್ತಿದ್ದದ್ದು ವಾಶಿಯ ಕೂಪನ್ ಡಬ್ಬಕ್ಕೆ ಮಾತ್ರ. ಫೋನ್ ಕತ್ತರಿಸಿದೆ. ಇಂದಿಗೂ ಅಪರಿಚಿತ ನಂಬರ್ ಮಿನುಗಿದರೆ ಆ ಕೊನೆಯ ಅಂಕಿ ತುಟಿಗೆ ಬಂದು ನಿಲ್ಲುತ್ತದೆ.

ಮಾವನ ಮನೆಗೆ ಓಡಿದೆ. ಬೈಯಲಿಲ್ಲ. "ಪತ್ರೊಡೆ ಕಾಪಾಡ್ತು ನೋಡು" ಎಂದು ನಕ್ಕರು. ಆದರೆ ನನಗೆ ತಂದ ನೀರು ಅರ್ಧ ಅವರ ಪಂಚೆಯ ಮೇಲೆಯೇ ಚೆಲ್ಲಿತ್ತು.

ಟಿಟ್ವಾಳಾದ ಮನೆ ಕೈಗೆ ಬಂತು. ನಾಮಫಲಕ ಬರೆಯುವವನು ನಡುವಿನ ಹೆಸರು ಕೇಳಿದ. ಮಾವನದ್ದು ಹೇಳಿದೆ.

ಗೃಹಪ್ರವೇಶದ ದಿನ ಮಾವ ಬಾಗಿಲಲ್ಲೇ ನಿಂತರು.

"ನನ್ನನ್ನು ಕೇಳದೆ ನನ್ನ ಹೆಸರು ಕೊಟ್ಟಿಯಾ? ಹೋಗುವವರು ಬರುವವರೆಲ್ಲ ಓದುದಿಲ್ವಾ?"

ಮಾವ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡರು. ಅದೇ ಅಂಚಿನಿಂದ ಫಲಕವನ್ನೂ ಒರೆಸಿದರು.

"ಓದಲಿ" ಎಂದರು.